ಸೊಂಟದ ಸುತ್ತಳತೆ, ಸಿಆರ್‌ಪಿ ಮತ್ತು ಸಕ್ಕರೆ ಕಾಯಿಲೆ

ಫುಲ್ ಬಾಡಿ ಚೆಕಪ್ ಮಾಡಿಸಿಕೊಂಡವರ ರಿಪೋರ್ಟಿನಲ್ಲಿ ಈಗ ಶುಗರ್, ಕೊಲೆಸ್ಟ್ರಾಲ್ ಜೊತೆಗೆ ಇನ್ನೊಂದು ಸಾಲು ಕಾಣುತ್ತದೆ: ಎಚ್‌ಎಸ್-ಸಿಆರ್‌ಪಿ. ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನಿನ ಸೂಕ್ಷ್ಮ ಅಳತೆ ಇದು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯಕ್ಕೆ ಅಪಾಯ ಕಡಿಮೆ, 3ಕ್ಕಿಂತ ಮೇಲಿದ್ದರೆ ಜಾಸ್ತಿ ಅಂತ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಅಂಕಿ 4 ಅಥವಾ 5 ಬಂದರೆ ಮನೆಮಂದಿಗೆಲ್ಲ ಗಾಬರಿ. ಮೊಬೈಲಿನಲ್ಲಿ ಹುಡುಕಿದರೆ ಮೈಯೊಳಗೆ ಉರಿಯೂತ ಇದೆ ಅನ್ನುವ ಉತ್ತರ ಸಿಗುತ್ತದೆ. ಅದರ ಹಿಂದೆಯೇ ಅರಿಶಿನದ ಮಾತ್ರೆ, ಡಿಟಾಕ್ಸ್ ಪುಡಿ, ಕಷಾಯಗಳ ಜಾಹೀರಾತು ಬರುತ್ತವೆ.

ಉರಿಯೂತ, ಅಂದರೆ ರೋಗನಿರೋಧಕ ಜೀವಕೋಶಗಳು ಕೆರಳಿರುವ ಸ್ಥಿತಿ, ಇರುವುದು ನಿಜ. ಟೈಪ್-2 ಸಕ್ಕರೆ ಕಾಯಿಲೆ, ಫ್ಯಾಟಿ ಲಿವರ್, ಹೃದಯಾಘಾತ ಈ ಮೂರರಲ್ಲೂ ನಮ್ಮ ರೋಗನಿರೋಧಕ ಜೀವಕೋಶಗಳು ಪಾಲು ಹೊಂದಿವೆ ಎಂದು ಮೂರು ದಶಕಗಳ ಸಂಶೋಧನೆ ತೋರಿಸಿದೆ. ಆದರೆ ಅದೇ ಸಂಶೋಧನೆ ಇನ್ನೊಂದು ಮಾತನ್ನೂ ಹೇಳುತ್ತದೆ. ಅದು ಜಾಹೀರಾತಿನಲ್ಲಿ ಬರುವುದಿಲ್ಲ. ಉರಿಯೂತವೊಂದನ್ನೇ ಔಷಧಿಯಿಂದ ಅದುಮಿದರೆ ಶುಗರ್ ಇಳಿಯುವುದು ಚೂರೇ ಚೂರು. ಉರಿಯೂತ ಹುಟ್ಟುವ ಜಾಗ, ಅಂದರೆ ಹೊಟ್ಟೆಯೊಳಗಿನ ಕೊಬ್ಬು ಮತ್ತು ಲಿವರ್, ಅವುಗಳ ಭಾರ ಇಳಿಸಿದಾಗಲೇ ದೊಡ್ಡ ಬದಲಾವಣೆ ಆಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ಒಟ್ಟಾರೆ ಬೊಜ್ಜು ಇರುವವರು ಶೇ 28.6, ಹೊಟ್ಟೆಯ ಬೊಜ್ಜು ಇರುವವರು ಶೇ 39.5. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿ. ತೂಕದ ಲೆಕ್ಕದಲ್ಲಿ ಬೊಜ್ಜಿಲ್ಲ ಅನ್ನಿಸಿಕೊಂಡ ಎಷ್ಟೋ ಜನರಿಗೆ ಹೊಟ್ಟೆಯ ಬೊಜ್ಜು ಇದೆ. ಈ ಲೇಖನದ ಮುಖ್ಯ ವಿಷಯ ಅಲ್ಲೇ ಇದೆ.

ಕೊಬ್ಬಿನೊಳಗೆ ರೋಗನಿರೋಧಕ ಜೀವಕೋಶಗಳು ಬಂದದ್ದು ಹೇಗೆ?

ಈ ಕಥೆ ಶುರುವಾಗುವುದು ಇನ್ಸುಲಿನ್ ಕಂಡುಹಿಡಿಯುವುದಕ್ಕೂ ಮೊದಲು. 1876ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಎಬ್‌ಸ್ಟೈನ್, ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟಾಗ ಕೆಲವು ಸಕ್ಕರೆ ಕಾಯಿಲೆಯವರ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುವುದನ್ನು ಬರೆದಿಟ್ಟ. ಸ್ಯಾಲಿಸಿಲೇಟ್ ಅಂದರೆ ಆಸ್ಪಿರಿನ್ ಜಾತಿಯ ಔಷಧಿ, ನೋವು ಮತ್ತು ಉರಿಯೂತಕ್ಕೆ ಕೊಡುವಂಥದ್ದು. 1901ರಲ್ಲಿ ಮ್ಯಾಂಚೆಸ್ಟರ್‌ನ ವಿಲಿಯಮ್ಸನ್ ಎಂಬ ವೈದ್ಯನೂ ಇದನ್ನೇ ಕಂಡ. 1920ರ ದಶಕದಲ್ಲಿ ಇನ್ಸುಲಿನ್ ಬಂತು, ಎಲ್ಲರೂ ಇದನ್ನು ಮರೆತರು. 1957ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ಪ್ರಕರಣ ವರದಿಯಾಯಿತು. ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತಿದ್ದ ರೋಗಿಯೊಬ್ಬನಿಗೆ ಕೀಲುನೋವಿಗೆಂದು ಜಾಸ್ತಿ ಪ್ರಮಾಣದ ಆಸ್ಪಿರಿನ್ ಕೊಟ್ಟರು. ಅದನ್ನು ತೆಗೆದುಕೊಳ್ಳುತ್ತಿದ್ದಷ್ಟು ದಿನ ಅವನಿಗೆ ಇನ್ಸುಲಿನ್ ಬೇಕಾಗಲಿಲ್ಲ. ಇದನ್ನು ಓದಿ ಯಾರೂ ಆಸ್ಪಿರಿನ್ ನುಂಗಲು ಹೋಗಬೇಡಿ. ಅಷ್ಟು ಪ್ರಮಾಣಕ್ಕೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಹೀಗೇಕೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು 1993ರಲ್ಲಿ, ಬಾಸ್ಟನ್ನಿನ ಒಂದು ಪ್ರಯೋಗಾಲಯದಲ್ಲಿ. ಟರ್ಕಿ ಮೂಲದ ಗೋಖಾನ್ ಹೋತಾಮಿಸ್ಲಿಗಿಲ್ ಮತ್ತು ಬ್ರೂಸ್ ಸ್ಪೀಗೆಲ್‌ಮನ್ ಬೊಜ್ಜು ಬಂದ ಇಲಿಗಳ ಕೊಬ್ಬನ್ನು ಪರೀಕ್ಷಿಸುತ್ತಿದ್ದರು. ಅದರಲ್ಲಿ ಟಿಎನ್‌ಎಫ್ ಎಂಬ ವಸ್ತು ಧಾರಾಳವಾಗಿ ಸಿಕ್ಕಿತು. ಸೋಂಕು ತಗುಲಿದಾಗ ರೋಗನಿರೋಧಕ ಜೀವಕೋಶಗಳು ಬಿಡುವ ವಸ್ತು ಅದು. ತೆಳ್ಳಗಿನ ಇಲಿಗಳ ಕೊಬ್ಬಿನಲ್ಲಿ ಅಷ್ಟಿರಲಿಲ್ಲ. ಬೊಜ್ಜಿನ ಇಲಿಗಳಲ್ಲಿ ಟಿಎನ್‌ಎಫ್‌ನ ಕೆಲಸ ತಡೆದಾಗ ಇನ್ಸುಲಿನ್ ಮತ್ತೆ ಚೆನ್ನಾಗಿ ಕೆಲಸ ಮಾಡಿತು. ಅಲ್ಲಿಯವರೆಗೆ ಕೊಬ್ಬು ಅಂದರೆ ಸುಮ್ನೆ ಶೇಖರಣೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಅದು ರಾಸಾಯನಿಕಗಳನ್ನು ಬಿಟ್ಟು ಇಡೀ ಮೈಗೆ ಸಂದೇಶ ಕಳಿಸುತ್ತದೆ ಅನ್ನುವುದು ಆಗ ಹೊಸ ಮಾತು.

ಆ ಟಿಎನ್‌ಎಫ್ ಬಿಡುತ್ತಿದ್ದವರು ಯಾರು? ಹತ್ತು ವರ್ಷದ ನಂತರ, 2003ರಲ್ಲಿ, ಅಮೆರಿಕದ ಎರಡು ತಂಡಗಳು ಒಟ್ಟಿಗೇ ಉತ್ತರ ಕೊಟ್ಟವು: ಮ್ಯಾಕ್ರೋಫೇಜ್. ಸತ್ತ ಜೀವಕೋಶ, ರೋಗಾಣು, ಕಸ ಎಲ್ಲವನ್ನೂ ನುಂಗಿ ಜಾಗ ಶುಚಿ ಮಾಡುವ ಬಿಳಿ ರಕ್ತಕಣದ ಬಳಗ ಇದು. ತೆಳ್ಳಗಿನವರ ಕೊಬ್ಬಿನ ಅಂಗಾಂಶದಲ್ಲಿರುವ ಜೀವಕೋಶಗಳಲ್ಲಿ ಮ್ಯಾಕ್ರೋಫೇಜ್‌ಗಳ ಪಾಲು ಶೇ 10ಕ್ಕಿಂತ ಕಡಿಮೆ. ತೀರಾ ಬೊಜ್ಜಿರುವ ಮನುಷ್ಯರಲ್ಲಿ ಅದು ಶೇ 40ರ ಹತ್ತಿರ ಹೋಗುತ್ತದೆ. ಅಂದರೆ ನಾವು ಕೊಬ್ಬು ಅಂತ ಕರೆಯುವುದರಲ್ಲಿ ಪ್ರತಿ ಹತ್ತು ಜೀವಕೋಶಕ್ಕೆ ಸುಮಾರು ನಾಲ್ಕು ಕೊಬ್ಬಿನ ಜೀವಕೋಶಗಳೇ ಅಲ್ಲ.

ಅವು ಅಲ್ಲಿ ಏನು ಮಾಡುತ್ತಿರುತ್ತವೆ ಎಂಬುದನ್ನು 2005ರಲ್ಲಿ ಇಟಲಿಯ ಸವೇರಿಯೋ ಚಿಂತಿ ಅವರ ತಂಡ ಸೂಕ್ಷ್ಮದರ್ಶಕದಲ್ಲಿ ತೋರಿಸಿತು. ಕೊಬ್ಬಿನ ತೆಳು ಪದರವನ್ನು ಗಾಜಿನ ಮೇಲಿಟ್ಟು ನೋಡಿದರೆ ಒಂದಕ್ಕೊಂದು ಒತ್ತಿಕೊಂಡ ಬಿಳಿ ಗುಳ್ಳೆಗಳು ಕಾಣುತ್ತವೆ. ಒಂದೊಂದು ಗುಳ್ಳೆಯೂ ಒಂದು ಕೊಬ್ಬಿನ ಜೀವಕೋಶ, ಒಳಗೆ ಎಣ್ಣೆಯ ಹನಿ. ಬೊಜ್ಜಿದ್ದವರಲ್ಲಿ ಈ ಗುಳ್ಳೆಗಳು ಊದಿ ದೊಡ್ಡದಾಗಿರುತ್ತವೆ. ನಡುವೆ ಅಲ್ಲೊಂದು ಇಲ್ಲೊಂದು ಗುಳ್ಳೆಯ ಸುತ್ತ ಬಣ್ಣ ಹಿಡಿದ ಸಣ್ಣ ಸಣ್ಣ ಕಣಗಳು ಉಂಗುರದಂತೆ ಕೂತಿರುತ್ತವೆ. ಕಿರೀಟದ ಹಾಗೆ ಕಾಣುವುದರಿಂದ ವಿಜ್ಞಾನಿಗಳು ಇದಕ್ಕೆ ಕಿರೀಟ ರಚನೆ ಎಂದೇ ಹೆಸರಿಟ್ಟಿದ್ದಾರೆ. ನಡುವಿನ ಗುಳ್ಳೆ ಸತ್ತಿದೆ. ಸುತ್ತ ಕೂತಿರುವ ಮ್ಯಾಕ್ರೋಫೇಜ್‌ಗಳು ಅದರಿಂದ ಸೋರಿದ ಎಣ್ಣೆಯನ್ನು ನುಂಗುತ್ತಿವೆ. ಬೊಜ್ಜಿದ್ದ ಇಲಿಗಳ ಕೊಬ್ಬಿನಲ್ಲಿದ್ದ ಮ್ಯಾಕ್ರೋಫೇಜ್‌ಗಳಲ್ಲಿ ಶೇ 90ಕ್ಕೂ ಹೆಚ್ಚು ಇಂಥ ಸತ್ತ ಜೀವಕೋಶಗಳ ಸುತ್ತಲೇ ಇದ್ದವು.

ಈ ಚಿತ್ರವನ್ನು ನೆನಪಿಟ್ಟುಕೊಳ್ಳಿ. ಮ್ಯಾಕ್ರೋಫೇಜ್‌ಗಳು ಸುಮ್ಮಸುಮ್ಮನೆ ಬಂದು ಗಲಾಟೆ ಎಬ್ಬಿಸಿಲ್ಲ. ಕೆಲಸ ಇತ್ತು, ಬಂದಿವೆ. ಆ ಕೆಲಸ ಮುಗಿಯುತ್ತಿಲ್ಲ, ಅದು ತೊಂದರೆ.

ತೆಳ್ಳಗಿನವರ ಕೊಬ್ಬಿನಲ್ಲೂ ರೋಗನಿರೋಧಕ ಜೀವಕೋಶಗಳು ಇರುತ್ತವೆ. ಅಲ್ಲಿ ಟಿ-ರೆಗ್ ಎಂಬ ಜೀವಕೋಶಗಳು, ಇಯೋಸಿನೋಫಿಲ್‌ಗಳು ಉಳಿದವನ್ನು ಶಾಂತವಾಗಿಡುತ್ತವೆ. ಬೊಜ್ಜು ಏರುತ್ತಿದ್ದಂತೆ ಇವು ಕಡಿಮೆಯಾಗಿ, ಕೆರಳಿಸುವ ಟಿ-ಕೋಶಗಳು ತುಂಬಿಕೊಳ್ಳುತ್ತವೆ. 2009ರಿಂದ 2011ರವರೆಗಿನ ಮೂರು ವರ್ಷಗಳಲ್ಲಿ ಇದರ ಬಗ್ಗೆ ಒಂದರ ಹಿಂದೆ ಒಂದು ವರದಿ ಬಂದವು.

ಜ್ವರ ಬಂದಾಗ ಶುಗರ್ ಏರುವುದು ಯಾಕೆ

ಸಕ್ಕರೆ ಕಾಯಿಲೆ ಇರುವ ಯಾರನ್ನಾದರೂ ಕೇಳಿ. ಜ್ವರ, ಹಲ್ಲಿನ ಕೀವು, ಕಾಲಿನ ಗಾಯ ಏನೇ ಬಂದರೂ ಶುಗರ್ ಏರುತ್ತದೆ. ಊಟ ಮಾಡದೇ ಮಲಗಿದ್ದರೂ ಏರುತ್ತದೆ. ಇದರಲ್ಲಿ ಇಡೀ ವಿಷಯದ ಬೀಗದ ಕೈ ಇದೆ ಅಂತ ನನಗನ್ನಿಸುತ್ತದೆ.

ಸೋಂಕು ತಗುಲಿದಾಗ ರೋಗನಿರೋಧಕ ಜೀವಕೋಶಗಳಿಗೆ ತಕ್ಷಣ ಶಕ್ತಿ ಬೇಕು. ಅವು ಗ್ಲೂಕೋಸ್ ಅನ್ನು ಬೇಗ ಬೇಗ ಬಳಸುತ್ತವೆ. ರಕ್ತದಲ್ಲಿರುವ ಸಕ್ಕರೆಯನ್ನು ಸಾಮಾನ್ಯವಾಗಿ ಹೆಚ್ಚು ಎಳೆದುಕೊಳ್ಳುವುದು ಸ್ನಾಯುಗಳು. ಆದ್ದರಿಂದ ದೇಹ ಸ್ನಾಯುಗಳಿಗೆ ಸ್ವಲ್ಪ ತಡೆ ಹಾಕುತ್ತದೆ. ಲಿವರ್ ಹೆಚ್ಚು ಸಕ್ಕರೆ ಬಿಡುತ್ತದೆ, ಸ್ನಾಯು ಕಡಿಮೆ ತೆಗೆದುಕೊಳ್ಳುತ್ತದೆ, ಉಳಿದದ್ದು ಸೋಂಕಿನ ವಿರುದ್ಧ ಕೆಲಸ ಮಾಡುವವರಿಗೆ. ಆ ತಡೆ ಹಾಕುವುದೇ ಟಿಎನ್‌ಎಫ್‌ನಂಥ ವಸ್ತುಗಳು. ಇನ್ಸುಲಿನ್ ಜೀವಕೋಶದ ಹೊರಗೆ ಬಂದು ಅಂಟಿಕೊಂಡರೆ ಒಳಗೆ ಐಆರ್‌ಎಸ್-1 ಎಂಬ ಪ್ರೋಟೀನ್ ಆ ಸಂದೇಶವನ್ನು ಮುಂದಕ್ಕೆ ದಾಟಿಸಬೇಕು. ಟಿಎನ್‌ಎಫ್ ಬಂದಾಗ ಜೆಎನ್‌ಕೆ, ಐಕೆಕೆ ಎಂಬ ಎರಡು ಕಿಣ್ವಗಳು ಎಚ್ಚರಗೊಂಡು ಐಆರ್‌ಎಸ್-1ರ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟಿಸುತ್ತವೆ. ಸಂದೇಶ ಅರ್ಧದಲ್ಲೇ ನಿಲ್ಲುತ್ತದೆ. ಇದೇ ಇನ್ಸುಲಿನ್ ಪ್ರತಿರೋಧ. ಹಳೆಯ ಸ್ಯಾಲಿಸಿಲೇಟ್ ಕೆಲಸ ಮಾಡಿದ್ದು ಐಕೆಕೆಯನ್ನು ತಡೆಯುವುದರಿಂದ ಎಂದು 2001ರಲ್ಲಿ ಬಾಸ್ಟನ್ನಿನ ಸ್ಟೀವನ್ ಶೂಲ್ಸನ್ ತಂಡ ಇಲಿಗಳಲ್ಲಿ ತೋರಿಸಿತು. ಎಬ್‌ಸ್ಟೈನ್ ಕಂಡದ್ದಕ್ಕೆ ವಿವರಣೆ ಸಿಗಲು 125 ವರ್ಷ ಹಿಡಿಯಿತು.

ಜ್ವರದಲ್ಲಿ ಈ ಏರ್ಪಾಡು ಒಳ್ಳೆಯದೇ. ವಾರದಲ್ಲಿ ಜ್ವರ ಬಿಡುತ್ತದೆ, ತಡೆ ತೆಗೆಯುತ್ತದೆ. ಹೊಟ್ಟೆಯ ಕೊಬ್ಬಿನಲ್ಲಿ ಶುರುವಾದ ಉರಿಯೂತಕ್ಕೆ ಅಂಥ ಕೊನೆಯ ದಿನ ಇಲ್ಲ. ಜ್ವರ ಇಲ್ಲ, ನೋವಿಲ್ಲ, ಊತ ಇಲ್ಲ. ವರ್ಷಗಟ್ಟಲೆ ಸಣ್ಣಗೆ ನಡೆಯುತ್ತಲೇ ಇರುತ್ತದೆ. ರಿಪೋರ್ಟಿನ ಸಿಆರ್‌ಪಿ ಅಂಕಿ ಬರುವುದೂ ಇಲ್ಲಿಂದಲೇ. ಕೊಬ್ಬು ಐಎಲ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ, ಅದರ ಸಂದೇಶ ಸಿಕ್ಕ ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಆದರೆ ನೆಗಡಿ, ಮಂಡಿನೋವು, ಒಸಡಿನ ಕೀವು ಯಾವುದಿದ್ದರೂ ಇದೇ ಅಂಕಿ ಏರುತ್ತದೆ. ಆದ್ದರಿಂದ ಒಂದು ಸಲ 4 ಬಂತು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೈ ಸರಿಯಿದ್ದಾಗ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು.

ಇಬ್ಬರು ಡಾಕ್ಟರ್‌ಗಳ ಫೋಟೋ

2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪುಟದ ಬರಹ ಬಂತು. ಅದರಲ್ಲಿ ಇಬ್ಬರು ವೈದ್ಯರು ಪಕ್ಕಪಕ್ಕದಲ್ಲಿ ನಿಂತ ಫೋಟೋ. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯಡ್‌ಕಿನ್. ಇಬ್ಬರ ಬಿಎಂಐ ಒಂದೇ, 22.3. ಯಾವ ಡಾಕ್ಟರೂ ಇವರಿಗೆ ತೂಕ ಇಳಿಸಿ ಅಂತ ಹೇಳಲಾರರು. ಆದರೆ ಮೈಯ ಕೊಬ್ಬು ಅಳೆದಾಗ ಯಡ್‌ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಒಂದೇ ಎತ್ತರ-ತೂಕದ ಲೆಕ್ಕ, ಕೊಬ್ಬು ಎರಡರಷ್ಟಕ್ಕಿಂತ ಜಾಸ್ತಿ.

ಯಾಜ್ಞಿಕ್ ಅವರ ತಂಡ ಇದನ್ನು ನವಜಾತ ಶಿಶುಗಳಲ್ಲೂ ನೋಡಿತು. ಪುಣೆ ಸುತ್ತಲಿನ ಹಳ್ಳಿಗಳ ಮಕ್ಕಳ ಸರಾಸರಿ ಹುಟ್ಟುತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5 ಕಿಲೋ. ನಮ್ಮ ಮಕ್ಕಳ ಸ್ನಾಯು, ಹೊಟ್ಟೆಯ ಅಂಗಗಳು ಎಲ್ಲವೂ ಚಿಕ್ಕವು. ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ತೆಳ್ಳಗೆ ಕಾಣುವ, ಒಳಗೆ ಕೊಬ್ಬಿರುವ ಈ ಮೈಕಟ್ಟು ಹುಟ್ಟಿನಿಂದಲೇ ಬರುತ್ತದೆ.

ಇದರಲ್ಲಿ ಮೈಸೂರಿಗೂ ದೊಡ್ಡ ಪಾತ್ರ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹೆರಿಗೆಯಾದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡುತ್ತಿದ್ದರು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು, ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಕುಳ್ಳಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿಯ ತೂಕ ಜಾಸ್ತಿ ಇದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು ಎಂದು 1998ರಲ್ಲಿ ವರದಿ ಬಂತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಮಕ್ಕಳನ್ನು ಸಂಶೋಧಕರು ಮುಂದೆ ವರ್ಷಗಟ್ಟಲೆ ನೋಡಿಕೊಂಡು ಬಂದರು. ಹೆರಿಗೆ ವಾರ್ಡಿನ ದಾಖಲೆ ಪುಸ್ತಕವನ್ನು ಅಷ್ಟು ವರ್ಷ ಜೋಪಾನ ಮಾಡಿದ ದಾದಿಯರು, ಗುಮಾಸ್ತರಿಗೆ ಈ ವಿಜ್ಞಾನ ಋಣಿ. ಇದನ್ನು ಯಾರಾದರೂ ಹೇಳಲೇಬೇಕು.

ತೆಳ್ಳಗಿನವರಿಗೆ ಉರಿಯೂತ ಯಾಕೆ? ಚರ್ಮದಡಿಯ ಕೊಬ್ಬು ನಮ್ಮ ಕಣಜ ಇದ್ದ ಹಾಗೆ. ಕಣಜ ದೊಡ್ಡದಿದ್ದರೆ ಎಷ್ಟು ಬೆಳೆ ಬಂದರೂ ತುಂಬಬಹುದು. ಚಿಕ್ಕದಿದ್ದರೆ ಬೇಗ ತುಂಬಿ ಹೊರಗೆ ಚೆಲ್ಲುತ್ತದೆ. ದಕ್ಷಿಣ ಏಷ್ಯಾದವರಲ್ಲಿ ಚರ್ಮದಡಿಯ ಈ ಜಾಗ ಬೇಗ ಭರ್ತಿಯಾಗುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಮಿಕ್ಕ ಕೊಬ್ಬು ಕರುಳಿನ ಸುತ್ತ, ಲಿವರ್ ಒಳಗೆ, ಮೇದೋಜ್ಜೀರಕ ಗ್ರಂಥಿಯಲ್ಲಿ ಸೇರುತ್ತದೆ. ಅಲ್ಲಿ ಮ್ಯಾಕ್ರೋಫೇಜ್‌ಗಳು ಬೇಗ ಕೆರಳುತ್ತವೆ. ಕೆಲವರು 110 ಕಿಲೋ ಇದ್ದೂ ಶುಗರ್ ಇಲ್ಲದೆ ಇರುತ್ತಾರೆ, ನಮ್ಮಲ್ಲಿ 65 ಕಿಲೋದವರು ಮೂವತ್ತೈದಕ್ಕೇ ಮಾತ್ರೆ ಶುರು ಮಾಡುತ್ತಾರೆ. ಲಂಡನ್ನಿನಲ್ಲಿರುವ ಭಾರತೀಯ ಮೂಲದವರಲ್ಲಿ ಸಿಆರ್‌ಪಿ ಅಲ್ಲಿನ ಬಿಳಿಯರಿಗಿಂತ ಜಾಸ್ತಿ ಇರುವುದು, ಅದು ಹೊಟ್ಟೆಯ ಕೊಬ್ಬಿಗೆ ತಳುಕು ಹಾಕಿಕೊಂಡಿರುವುದು ಅಧ್ಯಯನಗಳಲ್ಲಿ ಕಂಡಿದೆ.

ಆದ್ದರಿಂದ ನಮಗೆ ತಕ್ಕಡಿಗಿಂತ ಟೇಪು ಮುಖ್ಯ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯದಲ್ಲಿ ಟೇಪು ಸುತ್ತಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳದೆ, ಉಸಿರು ಬಿಟ್ಟು ಅಳೆಯಬೇಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅದು ಎಚ್ಚರಿಕೆ. ಪ್ಯಾಂಟಿನ ಸೈಜು ನೋಡಿ ಅಂದಾಜು ಮಾಡಬೇಡಿ. ತುಂಬಾ ಜನ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ.

ಉರಿಯೂತವನ್ನೇ ತಡೆದರೆ ಆಗದೇ?

ಇಲ್ಲಿಯವರೆಗಿನ ಮಾತು ಕೇಳಿದರೆ ಪರಿಹಾರ ಸುಲಭ ಅನ್ನಿಸುತ್ತದೆ, ಅಲ್ವಾ? ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟರೆ ಶುಗರ್ ಹೋಗಬೇಕು. ವಿಜ್ಞಾನಿಗಳೂ ಹಾಗೇ ಅಂದುಕೊಂಡು ಪ್ರಯೋಗಕ್ಕೆ ಇಳಿದರು.

ಕೀಲುವಾತಕ್ಕೆ ಕೊಡುವ ಟಿಎನ್‌ಎಫ್ ತಡೆ ಚುಚ್ಚುಮದ್ದನ್ನು ಸಕ್ಕರೆ ಕಾಯಿಲೆಯವರಿಗೆ ಕೊಟ್ಟು ನೋಡಿದಾಗ ಇಲಿಗಳಲ್ಲಿ ಕಂಡ ಲಾಭ ಮನುಷ್ಯರಲ್ಲಿ ಕಾಣಲಿಲ್ಲ. 2007ರಲ್ಲಿ ಮಾರ್ಕ್ ಡೊನಾಥ್ ಮತ್ತು ಸಂಗಡಿಗರು ಉರಿಯೂತದ ಇನ್ನೊಂದು ವಸ್ತುವಾದ ಐಎಲ್-1 ಅನ್ನು ತಡೆಯುವ ಅನಾಕಿನ್ರ ಎಂಬ ಔಷಧಿ ಕೊಟ್ಟು 13 ವಾರ ನೋಡಿದರು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನೇ ಐಎಲ್-1 ಕೊಲ್ಲುತ್ತದೆ, ಆದ್ದರಿಂದ ಭರವಸೆ ಇತ್ತು. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಶೇಕಡಾವಾರು ಅಂಕಿ) ಔಷಧಿ ಸಿಗದವರಿಗಿಂತ 0.46ರಷ್ಟು ಕಡಿಮೆಯಾಯಿತು. ಸ್ಯಾಲಿಸಿಲೇಟ್‌ನ ಸುರಕ್ಷಿತ ರೂಪವಾದ ಸಾಲ್ಸಲೇಟ್ ಅನ್ನು 48 ವಾರ ಕೊಟ್ಟ ಅಮೆರಿಕದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಇದೇ ಲೆಕ್ಕದಲ್ಲಿ ಇಳಿಕೆ 0.37. ಜೊತೆಗೆ ಎಲ್‌ಡಿಎಲ್ ಕೊಲೆಸ್ಟ್ರಾಲ್ ಮತ್ತು ಮೂತ್ರದ ಆಲ್ಬುಮಿನ್ ಸ್ವಲ್ಪ ಏರಿದವು. ಹಳೆಯ, ಅಗ್ಗದ ಮೆಟ್‌ಫಾರ್ಮಿನ್ ಮಾತ್ರೆ ಸಾಮಾನ್ಯವಾಗಿ ಸುಮಾರು 1ರಷ್ಟು ಇಳಿಸುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ 2017ರ ಕ್ಯಾಂಟೋಸ್. ಒಮ್ಮೆ ಹೃದಯಾಘಾತ ಆಗಿದ್ದ, ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದ 10,061 ಜನರಲ್ಲಿ ಕೆಲವರಿಗೆ ಐಎಲ್-1 ಬೀಟಾ ತಡೆಯುವ ಕ್ಯಾನಕಿನುಮಾಬ್ ಚುಚ್ಚುಮದ್ದನ್ನು, ಉಳಿದವರಿಗೆ ಔಷಧಿಯಿಲ್ಲದ ಚುಚ್ಚುಮದ್ದನ್ನು ಕೊಟ್ಟರು. ಔಷಧಿ ಸಿಕ್ಕವರಲ್ಲಿ ಸಿಆರ್‌ಪಿ ಇಳಿಯಿತು. ಮಧ್ಯಮ ಪ್ರಮಾಣ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಒಟ್ಟು ಶೇ 15 ಕಡಿಮೆಯಾದವು. ಹೃದಯದ ರಕ್ತನಾಳದ ಕಾಯಿಲೆಯಲ್ಲಿ ಉರಿಯೂತ ತಾನೇ ಒಂದು ಕಾರಣ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಹೊಸದಾಗಿ ಸಕ್ಕರೆ ಕಾಯಿಲೆ ಬರುವುದನ್ನು ಆ ಔಷಧಿ ತಡೆಯಲಿಲ್ಲ. ಸೋಂಕಿನಿಂದ ಸತ್ತವರ ಸಂಖ್ಯೆ ಔಷಧಿ ಪಡೆದವರಲ್ಲಿ ಜಾಸ್ತಿ ಇತ್ತು. ರೋಗನಿರೋಧಕ ವ್ಯವಸ್ಥೆಯ ಒಂದು ಕೈ ಕಟ್ಟಿದರೆ ಆಗುವುದು ಅದೇ.

ಹೃದಯದ ವಿಷಯದಲ್ಲಿ ಆ ದಾರಿ ಮುಂದುವರಿದಿದೆ. ಗೌಟ್ ನೋವಿಗೆ ಕೊಡುವ ಹಳೆಯ ಕೊಲ್ಚಿಸಿನ್ ಮಾತ್ರೆಯನ್ನು ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟರೆ ಹೃದಯಾಘಾತ ಕಡಿಮೆಯಾಗುತ್ತದೆ ಎಂದು ಎರಡು ದೊಡ್ಡ ಪ್ರಯೋಗಗಳು ತೋರಿಸಿದ ಮೇಲೆ 2023ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ಭಾರತ ತನ್ನದೇ ದಾರಿ ಹಿಡಿದಿದೆ. ಮಲೇರಿಯಾ, ಕೀಲುವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಉಳಿದ ಮಾತ್ರೆಗಳ ಜೊತೆ ಶುಗರ್‌ಗೂ ಬಳಸಬಹುದು ಎಂದು ನಮ್ಮ ಔಷಧ ನಿಯಂತ್ರಕರು 2014ರಲ್ಲಿ ಒಪ್ಪಿಗೆ ಕೊಟ್ಟರು. ಕೆಲವರಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ದೀರ್ಘಕಾಲ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾಗುವ ಸಾಧ್ಯತೆ ಇದೆ, ತೆಗೆದುಕೊಳ್ಳುವವರು ಕಣ್ಣಿನ ಪರೀಕ್ಷೆ ತಪ್ಪಿಸಬಾರದು.

ಇದೆಲ್ಲದರಿಂದ ನಾನು ತೆಗೆದುಕೊಳ್ಳುವ ತೀರ್ಮಾನ ಇಷ್ಟು. ಉರಿಯೂತ ಸಕ್ಕರೆ ಕಾಯಿಲೆಯನ್ನು ಬೆಳೆಸುತ್ತದೆ, ಆದರೆ ಅದೊಂದೇ ಅದನ್ನು ಹಿಡಿದಿಟ್ಟಿಲ್ಲ. ಇದಕ್ಕೆ ಬೇರೆ ಕಡೆಯಿಂದಲೂ ಆಧಾರ ಇದೆ. 2014ರಲ್ಲಿ ಅಮೆರಿಕದ ಫಿಲಿಪ್ ಶೆರರ್ ತಂಡ ಇಲಿಗಳ ಕೊಬ್ಬಿನ ಕೋಶಗಳಲ್ಲಿ ಉರಿಯೂತವೇ ಆಗದ ಹಾಗೆ ಮಾಡಿತು. ಆ ಇಲಿಗಳ ಆರೋಗ್ಯ ಸುಧಾರಿಸಬೇಕಿತ್ತು. ಬದಲಿಗೆ ಕೆಟ್ಟಿತು. ಕೊಬ್ಬು ಸರಿಯಾಗಿ ಹಿಗ್ಗಲಾರದೆ ಲಿವರ್‌ಗೆ ಹೋಗಿ ಸೇರಿತು. ಕೊಬ್ಬಿನ ಅಂಗಾಂಶ ಹಿಗ್ಗುವಾಗ, ಹಳೆಯದನ್ನು ಒಡೆದು ಹೊಸದನ್ನು ಕಟ್ಟುವಾಗ ಸ್ವಲ್ಪ ಉರಿಯೂತ ಬೇಕೇ ಬೇಕು.

ಭಾರ ಇಳಿದಾಗ

2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅವರು ಟೈಪ್-2 ಸಕ್ಕರೆ ಕಾಯಿಲೆಯ 11 ಜನರಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಆಹಾರ ಕೊಟ್ಟರು. ಒಂದೇ ವಾರದಲ್ಲಿ ಅವರ ಖಾಲಿ ಹೊಟ್ಟೆಯ ಶುಗರ್ ಸಾಮಾನ್ಯ ಮಟ್ಟಕ್ಕೆ ಬಂತು. ಅದೇ ವಾರದಲ್ಲಿ ಲಿವರ್ ಕೊಬ್ಬು ಶೇ 30ರಷ್ಟು ಕರಗಿತ್ತು. ಎಂಟು ವಾರದಲ್ಲಿ ಮೇದೋಜ್ಜೀರಕ ಗ್ರಂಥಿ ಮತ್ತೆ ಚೆನ್ನಾಗಿ ಇನ್ಸುಲಿನ್ ಬಿಡತೊಡಗಿತು. ದೊಡ್ಡ ಮಟ್ಟದಲ್ಲಿ ಇದನ್ನೇ ನೋಡಿದ ಡೈರೆಕ್ಟ್ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಆಹಾರ ಕ್ರಮದಲ್ಲಿದ್ದ ಶೇ 46 ಜನರಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಯಲ್ಲಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇ 4.

ಇನ್ನೊಂದು ಸೂಕ್ಷ್ಮ ಇದೆ. ತೂಕ ಇಳಿಯಲು ಶುರುವಾದ ಮೊದಲ ದಿನಗಳಲ್ಲಿ ಕೊಬ್ಬಿನಲ್ಲಿ ಮ್ಯಾಕ್ರೋಫೇಜ್‌ಗಳು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತವೆ ಎಂದು 2010ರಲ್ಲಿ ಇಲಿಗಳಲ್ಲಿ ಕಂಡುಬಂತು. ಕೊಬ್ಬು ಕರಗುವಾಗ ಬಿಡುಗಡೆಯಾಗುವ ಎಣ್ಣೆಯನ್ನು ಹೀರಿಕೊಳ್ಳಲು ಅವು ಬರುತ್ತವೆ, ಕೆಲಸ ಮುಗಿದ ಮೇಲೆ ಇಳಿಯುತ್ತವೆ. ಡಯಟ್ ಶುರು ಮಾಡಿದ ಎರಡನೇ ವಾರಕ್ಕೇ ಸಿಆರ್‌ಪಿ ಪರೀಕ್ಷೆಗೆ ಓಡಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಎಚ್ಚರಿಕೆಯ ಮಾತು: ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರ್‌ಗೆ ಹೇಳದೆ ಊಟ ಕಡಿತ ಮಾಡಬಾರದು. ಶುಗರ್ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು.

ನಮ್ಮ ತಟ್ಟೆಯಲ್ಲಿ ಏನು ಕಡಿಮೆ ಮಾಡಬೇಕು? ಇಂಡಿಯಾಬ್ ತಂಡವೇ 2025ರಲ್ಲಿ ಪ್ರಕಟಿಸಿದ ಆಹಾರ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಸುಮಾರು ಶೇ 62 ಕಾರ್ಬೋಹೈಡ್ರೇಟ್‌ನಿಂದ ಬರುತ್ತದೆ. ಅದರಲ್ಲಿ ನಮ್ಮಂಥವರು ಕೇಳಿಸಿಕೊಳ್ಳಲೇಬೇಕಾದ ಒಂದು ಅಂಶ ಇತ್ತು. ಒಟ್ಟು ಕಾರ್ಬೋಹೈಡ್ರೇಟ್ ಇಳಿಸದೆ, ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ತಂದ ಮಾತ್ರಕ್ಕೆ ಅಪಾಯ ಕಡಿಮೆಯಾಗಲಿಲ್ಲ. ಸ್ವಲ್ಪ ಪಾಲನ್ನು ಬೇಳೆಕಾಳು, ಹಾಲು-ಮೊಸರಿನಂಥ ಪ್ರೋಟೀನ್‌ಗೆ ಬದಲಿಸಿದಾಗ ಅಪಾಯ ಕಡಿಮೆ ಇತ್ತು. ಅನ್ನ ಬಿಟ್ಟು ರಾಗಿ ಮುದ್ದೆಗೆ ಬಂದವರು ಎರಡರ ಜಾಗದಲ್ಲಿ ಒಂದು ಮುದ್ದೆ ಇಟ್ಟುಕೊಂಡು, ಉಳಿದ ಜಾಗಕ್ಕೆ ಹುರುಳಿ, ಹೆಸರುಕಾಳು, ಅವರೆಕಾಳಿನ ಸಾರು, ಸೊಪ್ಪು ಹಾಕಿಕೊಳ್ಳಬೇಕು.

ಅರಿಶಿನದ ಮಾತು. ಅಡುಗೆಗೆ ಹಾಕುವ ಅರಿಶಿನದಿಂದ ಯಾವ ತೊಂದರೆಯೂ ಇಲ್ಲ. ಆದರೆ ಕರಿಮೆಣಸಿನ ಸಾರ ಸೇರಿಸಿ ಹೆಚ್ಚು ಹೀರಿಕೊಳ್ಳುವಂತೆ ಮಾಡಿದ ಕರ್ಕ್ಯುಮಿನ್ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ. ಇಟಲಿ ಮತ್ತು ಆಸ್ಟ್ರೇಲಿಯಾ ಸರ್ಕಾರಗಳು ಈ ಬಗ್ಗೆ ಎಚ್ಚರಿಕೆ ಕೊಟ್ಟಿವೆ. ಫ್ಯಾಟಿ ಲಿವರ್ ಇರುವವರೇ ಉರಿಯೂತ ಇಳಿಯಲಿ ಅಂತ ಇದನ್ನು ಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಅದರ ಬದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ. ಒಸಡಿನ ದೀರ್ಘಕಾಲದ ಸೋಂಕಿಗೆ ಚಿಕಿತ್ಸೆ ಪಡೆದ ಸಕ್ಕರೆ ಕಾಯಿಲೆಯವರಲ್ಲಿ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43 ಇಳಿದಿತ್ತು ಎಂದು ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2022ರ ಕೋಕ್ರೇನ್ ಪರಿಶೀಲನೆ ಹೇಳುತ್ತದೆ. ಸಾಲ್ಸಲೇಟ್ ಕೊಟ್ಟ ಲಾಭಕ್ಕಿಂತ ಇದು ಕಡಿಮೆಯೇನಲ್ಲ.

ಒಂದು ಕಡೆ ಕೆರಳಿ, ಇನ್ನೊಂದು ಕಡೆ ಮಂಕು

ಇದೇ ರೋಗನಿರೋಧಕ ಜೀವಕೋಶಗಳು ಕೊಬ್ಬಿನಲ್ಲಿ ಕೆರಳಿ ಕೂತಿದ್ದರೂ ನಿಜವಾದ ಸೋಂಕು ಬಂದಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರೋಗಾಣುವಿನ ಹತ್ತಿರ ಹೋಗುವುದು, ಅದನ್ನು ಕೊಲ್ಲುವುದು ಎರಡೂ ನಿಧಾನವಾಗುತ್ತದೆ. ಕಾಲಿನ ಗಾಯದಲ್ಲಿ ಮ್ಯಾಕ್ರೋಫೇಜ್‌ಗಳು ಮೊದಲು ಶುಚಿ ಮಾಡಿ, ಆಮೇಲೆ ಗಾಯ ಮಾಯಿಸುವ ಕೆಲಸಕ್ಕೆ ತಿರುಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ಅವು ಮೊದಲ ಹಂತದಲ್ಲೇ ಉಳಿದುಬಿಡುತ್ತವೆ. ಬರಿಗಾಲಲ್ಲಿ ಗದ್ದೆಗೆ ಹೋಗುವ ರೈತನ ಪಾದದ ಸಣ್ಣ ಗಾಯ ತಿಂಗಳಾದರೂ ಒಣಗದಿರುವುದಕ್ಕೆ ನರ, ರಕ್ತನಾಳಗಳ ಜೊತೆ ಇದೂ ಕಾರಣ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಉಳಿದವರಿಗಿಂತ ಎರಡು-ಮೂರು ಪಟ್ಟು. ಎರಡೂ ಕಾಯಿಲೆ ತುಂಬಿರುವ ನಮ್ಮ ದೇಶದಲ್ಲಿ ಕೆಮ್ಮು ಎರಡು ವಾರ ದಾಟಿದರೆ ಶುಗರ್ ಇರುವವರು ಕಫ ಪರೀಕ್ಷೆ ಮಾಡಿಸಲೇಬೇಕು.

ಹೊಸ ಚುಚ್ಚುಮದ್ದು, ಹಳೆಯ ಮೈಕಟ್ಟು

ಈಗ ಎಲ್ಲರ ಬಾಯಲ್ಲಿರುವುದು ತೂಕ ಮತ್ತು ಶುಗರ್ ಇಳಿಸುವ ಚುಚ್ಚುಮದ್ದುಗಳಾದ ಸೆಮಾಗ್ಲುಟೈಡ್, ಟಿರ್ಜೆಪಟೈಡ್. 2025ರಲ್ಲಿ ಮೌಂಜಾರೋ (ಟಿರ್ಜೆಪಟೈಡ್), ವೆಗೋವಿ (ಸೆಮಾಗ್ಲುಟೈಡ್) ಎರಡೂ ಭಾರತದ ಮಾರುಕಟ್ಟೆಗೆ ಬಂದವು. ಇಲ್ಲಿ ಸೆಮಾಗ್ಲುಟೈಡ್‌ನ ಮುಖ್ಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ. ಅದಾದ ಮೇಲೆ ನಮ್ಮ ಕಂಪನಿಗಳು ಅಗ್ಗದ ರೂಪ ತಯಾರಿಸಬಹುದು. ಬೊಜ್ಜು ಮತ್ತು ಹೃದ್ರೋಗ ಇದ್ದ, ಸಕ್ಕರೆ ಕಾಯಿಲೆ ಇಲ್ಲದ 17,604 ಜನರಲ್ಲಿ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವನ್ನು ಒಟ್ಟಾಗಿ ಶೇ 20 ಕಡಿಮೆ ಮಾಡಿತು. ಸಿಆರ್‌ಪಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಇಳಿಯಿತು. ಹೃದಯಕ್ಕಾದ ಲಾಭ ತೂಕ ಪೂರ್ತಿ ಇಳಿಯುವ ಮೊದಲೇ ಕಾಣತೊಡಗಿತ್ತು. ಔಷಧಿ ನೇರವಾಗಿ ರೋಗನಿರೋಧಕ ಜೀವಕೋಶಗಳ ಮೇಲೂ ಕೆಲಸ ಮಾಡುತ್ತದೆಯೇ ಎಂಬ ಚರ್ಚೆ ಇದರಿಂದಲೇ ಶುರುವಾಗಿದೆ.

ಒಳ್ಳೆಯ ಔಷಧಿ, ಅನುಮಾನ ಇಲ್ಲ. ನನ್ನ ಕಳವಳ ಬೇರೆ. ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬರುತ್ತದೆ ಎಂದು ಸೆಮಾಗ್ಲುಟೈಡ್‌ನ ಪ್ರಯೋಗವೇ ತೋರಿಸಿದೆ. 2024ರಲ್ಲಿ ಜ್ಯೂರಿಕ್‌ನ ವಿಜ್ಞಾನಿಗಳು ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮೊದಲು ಮತ್ತು ತೂಕ ಇಳಿದ ಮೇಲೆ ಜನರ ಕೊಬ್ಬಿನ ಕೋಶಗಳನ್ನು ಹೋಲಿಸಿದರು. ತೂಕ ಇಳಿದರೂ ಆ ಕೋಶಗಳಲ್ಲಿ ಬೊಜ್ಜಿದ್ದಾಗಿನ ಹಲವು ಬದಲಾವಣೆಗಳು ಹಾಗೇ ಉಳಿದಿದ್ದವು. ಇಲಿಗಳಲ್ಲಿ ಆ ಗುರುತು ಜೀನ್‌ಗಳ ಮೇಲೇ ಉಳಿದಿತ್ತು, ಅಂಥ ಇಲಿಗಳು ಕೊಬ್ಬಿನ ಆಹಾರ ಸಿಕ್ಕಾಗ ಬೇಗ ದಪ್ಪಗಾದವು. ಇದರ ಜೊತೆ ಸ್ನಾಯುವಿನ ಪ್ರಶ್ನೆ. ಬೇಗ ತೂಕ ಇಳಿಸಿದಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ನಮ್ಮಲ್ಲಿ ಸ್ನಾಯು ಮೊದಲೇ ಕಡಿಮೆ, ಊಟದಲ್ಲಿ ಪ್ರೋಟೀನೂ ಕಡಿಮೆ. ಸಕ್ಕರೆಯನ್ನು ಹೀರಿಕೊಳ್ಳುವ ಮುಖ್ಯ ಅಂಗವನ್ನೇ ಕಳೆದುಕೊಂಡು, ಚುಚ್ಚುಮದ್ದು ನಿಲ್ಲಿಸಿದ ಮೇಲೆ ಬರೀ ಕೊಬ್ಬು ವಾಪಸ್ ಬಂದರೆ? ಬಿಎಂಐ 23-24 ಇದ್ದು ಹೊಟ್ಟೆ ಬಂದಿರುವ ಭಾರತೀಯರಲ್ಲಿ ಈ ಔಷಧಿಯ ದೀರ್ಘಕಾಲದ ಪ್ರಯೋಗ ನಡೆಯಬೇಕು, ಸ್ನಾಯು ಮತ್ತು ಲಿವರ್ ಕೊಬ್ಬು ಎರಡನ್ನೂ ಅಳೆಯಬೇಕು. ಅಗ್ಗದ ಚುಚ್ಚುಮದ್ದು ಊರೂರಿಗೆ ತಲುಪುವ ಹೊತ್ತಿಗೆ ಆ ಉತ್ತರ ನಮ್ಮ ಕೈಯಲ್ಲಿರಬೇಕು.

ಟೇಪಿನ ಕೆಲಸ ಅದಕ್ಕೆಲ್ಲ ಕಾಯಬೇಕಿಲ್ಲ. ಆಶಾ ಕಾರ್ಯಕರ್ತೆಯರು 30 ವರ್ಷ ದಾಟಿದವರಿಗೆ ತುಂಬುವ ರಾಷ್ಟ್ರೀಯ ತಪಾಸಣಾ ಪಟ್ಟಿಯಲ್ಲಿ ಸೊಂಟದ ಸುತ್ತಳತೆಗೆ ಆಗಲೇ ಒಂದು ಸಾಲು ಇದೆ, ಹೆಂಗಸರಿಗೆ 80, ಗಂಡಸರಿಗೆ 90 ಎಂಬ ಗಡಿಯೊಂದಿಗೆ. ಕರ್ನಾಟಕದಲ್ಲಿ ಗೃಹ ಆರೋಗ್ಯ ಯೋಜನೆಯಡಿ ತಪಾಸಣೆ ಮನೆ ಬಾಗಿಲಿಗೇ ಬರುತ್ತಿದೆ. ಆ ವಯಸ್ಸನ್ನು 20ಕ್ಕೆ ಇಳಿಸಬೇಕು. ಕಾಲೇಜು, ಗಾರ್ಮೆಂಟ್ಸ್ ಕಾರ್ಖಾನೆ, ಐಟಿ ಕಂಪನಿಗಳಲ್ಲೂ ಇದು ನಡೆಯಬೇಕು. ಟೇಪು ಗಡಿ ದಾಟಿದ ಹುಡುಗ ಹುಡುಗಿಯರಿಗೆ ಎಚ್‌ಬಿಎ1ಸಿ ಮತ್ತು ಲಿವರ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗಬೇಕು.